ನೆತ್ತಿಗಂಟಿದ ಜಡೆ

ಲುಸಾಕಾ, ಭಾನುವಾರ

ಪ್ರೀತಿಯ ಅವ್ವನಿಗೆ, ಮುಟಿಂಟಾಳ ನಮಸ್ಕಾರಗಳು.

ನೀನು ಕಳಿಸಿದ ಕಡಲೆಕಾಯಿ ತಲುಪಿತು. ಮೊನ್ನೆ ನಮ್ಮ ಆಸ್ಪತ್ರೆಯ ಇಇಜಿ ಕೋಣೆಗೆ ಮೂರ್ಛೆರೋಗದ ಪುಟ್ಟ ಹುಡುಗಿಯೊಬ್ಬಳು ಬಂದಿದ್ದಳು. ಮಿದುಳಿನ ಅಲೆಗಳು ಯಂತ್ರದಲ್ಲಿ ಮೂಡಬೇಕಾದರೆ ಲೋಹದ ಬಿಲ್ಲೆಗಳು ನೆತ್ತಿಗೆ ಅಂಟಬೇಕು. ಅವಳ ದಟ್ಟ ಗುಂಗುರು ಕೂದಲಲ್ಲಿ ಅವು ನಿಲ್ಲಲೇ ಇಲ್ಲ. "ಬೋಳಿಸೋಣ್ವಾ?" ಎಂದು ನರ್ಸ್ ಕೇಳಿದಾಗ ಮಗು ತಲೆ ಹಿಡಿದುಕೊಂಡು ಅತ್ತಿತು.

ನಾನು ಅವಳನ್ನು ಮೊಣಕಾಲುಗಳ ನಡುವೆ ಕೂರಿಸಿಕೊಂಡು, ನೀನು ಹೆಣೆಯುತ್ತಿದ್ದ ಹಾಗೆ ನೆತ್ತಿಗಂಟಿದ ಸಾಲುಜಡೆ ಹೆಣೆದೆ. ಬೈತಲೆಗಳಲ್ಲಿ ಬಿಲ್ಲೆಗಳು ಭದ್ರವಾಗಿ ಕೂತವು, ಅಲೆಗಳು ಸ್ಪಷ್ಟವಾಗಿ ಮೂಡಿದವು. ಡಾಕ್ಟರು ಸರಿಯಾದ ಮಾತ್ರೆ ಬರೆದುಕೊಟ್ಟರು. ಹುಡುಗಿ ಕನ್ನಡಿ ನೋಡಿ, "ಆಂಟಿ, ಇದು ಸೊಟ್ಟಗಿದೆ" ಅಂದಳು.

ಮಾವಿನ ಮರದ ಕೆಳಗೆ ನೀನು ಜಡೆ ಹೆಣೆಯುವಾಗ ತಂಗಿ ಲುಯಾಂಡೋ ಕೂಡ ಹಾಗೇ ತಗಾದೆ ತೆಗೆಯುತ್ತಿದ್ದಳು. "ಸೊಟ್ಟಗಿದ್ರೆ ಹೇನು ದಾರಿ ತಪ್ತಾವೆ, ಸುಮ್ನೆ ಕೂತ್ಕೊಳೆ" ಅನ್ನುತ್ತಿದ್ದೆ ನೀನು. ಅವಳು ಮೂರ್ಛೆ ಬಂದು ಹೊಳೆಗೆ ಬಿದ್ದು ತೀರಿಹೋದ ಮೇಲೆ ನೀನು ಯಾರ ತಲೆಯನ್ನೂ ಮುಟ್ಟಿಲ್ಲ, ನನಗೆ ಗೊತ್ತು.

ಇಲ್ಲಿಗೆ ಅಂಥ ಮಕ್ಕಳು ಇನ್ನೂ ಬರುವವರಿದ್ದಾರೆ, ಅವ್ವ. ನನಗೆ ನಿನ್ನಷ್ಟು ನೇರ ಬೈತಲೆ ಬರುವುದಿಲ್ಲ. ಮುಂದಿನ ಶನಿವಾರ ಮೊಂಜೆಯಿಂದ ಹೊರಡುವ ಬಸ್ಸಿಗೆ ಬಾ. ಬರುವುದಿಲ್ಲವೆಂದು ಹೇಳಿ ಕಳಿಸಬೇಡ. ನಾನು ಹೇಗೂ ನಿಲ್ದಾಣದಲ್ಲಿ ನಿಂತಿರುತ್ತೇನೆ.

ನಿನ್ನ ಮಗಳು,
ಮುಟಿಂಟಾ