ಒಂದೇ ಸಲ ಕೇಳಿದ ಚಹಾ

ಡೀಲಿಯಾ,

ನೀವು ತೀರಿಕೊಂಡು ತಿಂಗಳಾಯಿತೆಂದು ಇಂದು ಚರ್ಚಿನಲ್ಲಿ ನಿಮ್ಮ ಆತ್ಮಶಾಂತಿಗೆ ಬಲಿಪೂಜೆಯ ಪ್ರಾರ್ಥನೆ ಇತ್ತು. ಆಮೇಲೆ ನಿಮ್ಮ ಮಗಳು ಗ್ರಾನಿಯಾ ಎಲ್ಲರನ್ನೂ ಮನೆಗೆ ಊಟಕ್ಕೆ ಕರೆದಳು. ನಾನು ಕೂತಲ್ಲಿ ಕೂರಲಾರದೆ ಮೂರು ಸಲ ಕುರ್ಚಿ ಬದಲಿಸಿದೆ.

ನಮ್ಮ ಮೇಯೊ ಜಿಲ್ಲೆಯ ಕಡೆ ಚಹಾ ಎಷ್ಟೇ ಬೇಕಿದ್ದರೂ ಎರಡು ಸಲ ಬೇಡವೆಂದು ಮೂರನೆಯದಕ್ಕೆ ಒಪ್ಪುವುದೇ ಮರ್ಯಾದೆ. ಇಪ್ಪತ್ತು ವರ್ಷ ನೀವು ಗದರಿದ್ದೂ ಅದಕ್ಕೇ: "ಕೂತ್ಕೊಳ್ಳೇ ಸುಮ್ನೆ, ನಿನ್ನ ನಾಚಿಕೆ ಮುಗಿಯೋಷ್ಟರಲ್ಲಿ ಕೆಟಲ್ ತಣ್ಣಗಾಗತ್ತೆ." ನಿಮ್ಮ ಕಪ್ಪಿಗೆ ತೊಟ್ಟು ವಿಸ್ಕಿ, ನನ್ನದಕ್ಕೆ ಬರೀ ಹಾಲು. "ಇವಳು ನೆಟ್ಟಗೆ ಸ್ವರ್ಗಕ್ಕೆ ಹೋಗೋಳು ಕಣಪ್ಪ" ಎಂದು ನಗುತ್ತಿದ್ದಿರಿ.

ಆ ಕೊನೆಯ ಗುರುವಾರವೂ ಕೇಳಿದಿರಿ, "ಒಂದು ಕಪ್ ಕುಡೀತೀಯಾ, ಮೋರೀನ್?" ರೂಢಿಯಂತೆ ಬೇಡ ಅಂದೆ. ನೀವು ಇನ್ನೊಮ್ಮೆ ಕೇಳಲಿಲ್ಲ, ಒಲೆಯ ಕಡೆ ನೋಡುತ್ತ ಕೂತಿರಿ. ನಾನು ಕೋಟು ಹಾಕಿಕೊಂಡು ಜಪಸರ ಪ್ರಾರ್ಥನೆಗೆ ಹೊರಟುಬಿಟ್ಟೆ. ಶನಿವಾರ ನಿಮಗಾಗಿ ಚರ್ಚಿನಲ್ಲಿ ಸಾವಿನ ಗಂಟೆ ಮೊಳಗಿತು.

ಇಂದು ಗ್ರಾನಿಯಾ, "ಚಹಾ ಕುಡೀತೀರಾ?" ಅಂದಳು.

"ಹೂಂ, ಕೊಡಮ್ಮ," ಅಂದೆ.

ಎಲ್ಲರೂ ತಿರುಗಿ ನನ್ನನ್ನೇ ನೋಡಿದರು. ಗ್ರಾನಿಯಾ ತಬ್ಬಿಬ್ಬಾದಳು. "ಅಯ್ಯೋ, ಇನ್ನೂ ನೀರೇ ಇಟ್ಟಿಲ್ವಲ್ಲ."

"ಪರವಾಗಿಲ್ಲ, ಕಾಯ್ತೀನಿ," ಅಂದೆ.