ಕಾಗದದ ಕಪ್ಪಿಗೆ ಸಾಮರಸ್ಯ ಪ್ರಶಸ್ತಿ

ನಾಗರಿಕ ಹಕ್ಕು ದಿನಾಚರಣೆ ಸಮಿತಿಯ ಅಧ್ಯಕ್ಷರಾದ ಅಧಿಕಾರಿಗಳಿಗೆ,

ಮಾನ್ಯರೇ, ತಮ್ಮ ಆಮಂತ್ರಣ ಪತ್ರಿಕೆ ಕೈಸೇರಿತು. ಸಂವಿಧಾನದ ಪೀಠಿಕೆ ಓದುವವರು ಎಂದು ನನ್ನ ಹೆಸರಿದೆ. ಅದರ ಕೆಳಗೇ ಈ ವರ್ಷದ ಸಾಮರಸ್ಯ ಪ್ರಶಸ್ತಿ ನಮ್ಮೂರ ಬಸ್ ನಿಲ್ದಾಣದ ಹೋಟೆಲಿನ ಶ್ರೀಶೈಲಪ್ಪನವರಿಗೆ ಎಂದಿದೆ. ಅದೇ ಹೋಟೆಲಿನ ಮೇಲೆ ನನ್ನ ತಾಯಿ ಸೀತವ್ವ ಕೊಟ್ಟ ದೂರು ನಾಲ್ಕು ತಿಂಗಳಿಂದ ತಮ್ಮ ಮೇಜಿನ ಮೇಲೆ ಮಲಗಿದೆ. ಪ್ರಶಸ್ತಿಗೆ ಅದು ಅಡ್ಡ ಬರುತ್ತದೆಂದು, ಶನಿವಾರದೊಳಗೆ ವಾಪಸು ತೆಗೆದುಕೋ ಎಂದು ತಮ್ಮ ಕಚೇರಿ ಆಕೆಯ ಬೆನ್ನು ಹತ್ತಿದೆ. ಹಕ್ಕಿನ ದಿನ ಆಚರಿಸಲು ಹಕ್ಕು ಕೇಳಿದವಳ ಬಾಯಿ ಮುಚ್ಚಿಸಬೇಕೆಂಬುದು ಯಾವ ಸುತ್ತೋಲೆಯಲ್ಲಿದೆ?

ತಮಗೆ ಹೋಟೆಲಿನ ಪದ್ಧತಿ ಗೊತ್ತಿಲ್ಲದಿರಬಹುದು, ಹೇಳುತ್ತೇನೆ. ಅಲ್ಲಿ ಬೇರೆ ಲೋಟ ಇಟ್ಟಿಲ್ಲ. ಕಾಲ ಸುಧಾರಿಸಿದೆ. ಊರವರಿಗೆ ಸ್ಟೀಲ್ ಲೋಟ, ನಮ್ಮ ಓಣಿಯವರಿಗೆ ಕಾಗದದ ಕಪ್ಪು. ಮುಖ ನೋಡಿದ ಕೂಡಲೇ ಶ್ರೀಶೈಲಪ್ಪನವರ ಕೈ ತಾನಾಗಿ ಕಪ್ಪಿನ ಕಟ್ಟಿನ ಕಡೆ ಹೋಗುತ್ತದೆ. ಕೇಳಿದರೆ ಸ್ವಚ್ಛತೆ ಎನ್ನುತ್ತಾರೆ. ಸ್ವಚ್ಛತೆ ನಮ್ಮೊಬ್ಬರಿಗೇ ಯಾಕೆ ಬೇಕಾಯಿತು?

ನಮ್ಮವ್ವ ಲಿಂಬೆ ತೋಟದಲ್ಲಿ ಕಾಯಿ ಹರಿಯುವವಳು. ದಿನವಿಡೀ ಮುಳ್ಳು ಚುಚ್ಚಿದ ಬೆರಳಿಗೆ ಆ ತೆಳು ಕಪ್ಪಿನ ಬಿಸಿ ಹಿಡಿಯಲಾಗುವುದಿಲ್ಲ. ಒಂದು ಸಂಜೆ ಕೇಳಿಯೇಬಿಟ್ಟಳು, "ನನಗೂ ಲೋಟದಾಗ ಕೊಡ್ರಿ, ಕೈ ಸುಡಾಕತ್ತೈತಿ." "ಸುಟ್ರ ಮನ್ಯಾಗ ಕುಡೀಬೇಕವ್ವಾ" ಎಂದು ಅವರು ಚಹಾವನ್ನು ಮೋರಿಗೆ ಚೆಲ್ಲಿದರು. ಬಸ್ಸಿಗೆ ಕಾಯುತ್ತಿದ್ದ ಹತ್ತು ಜನ, ಬಸ್ಸು ಬರುವ ಹೊರ್ತಿ ಊರಿನ ರಸ್ತೆಯನ್ನೇ ನೋಡುತ್ತ ನಿಂತರು. ಮರುದಿನ ಅವ್ವ ನನ್ನಿಂದ ಅರ್ಜಿ ಬರೆಸಿ, ಹೆಬ್ಬಟ್ಟು ಒತ್ತಿ, ತಾನೇ ಬಂದು ತಮ್ಮ ಕಚೇರಿಗೆ ಕೊಟ್ಟಳು. ಆವತ್ತಿನಿಂದ ಯಾವ ತೋಟದವರೂ ಆಕೆಯನ್ನು ಕೆಲಸಕ್ಕೆ ಕರೆದಿಲ್ಲ.

ತಾವು ಸುಮ್ಮನೆ ಕೂತಿರಲಿಲ್ಲ ಬಿಡಿ, ಪರಿಶೀಲನಾ ತಂಡ ಕಳಿಸಿದಿರಿ. ಜೀಪು ಬರುವ ಸುದ್ದಿ ಜೀಪಿಗಿಂತ ಮೊದಲೇ ಬಂತು. ಅವತ್ತು ಊರ ಗೌಡರಿಗೂ ಕಾಗದದ ಕಪ್ಪು, ತಮ್ಮ ತಂಡಕ್ಕೂ ಕಾಗದದ ಕಪ್ಪು. "ಎಲ್ಲರಿಗೂ ಒಂದೇ ಬಗೆಯ ಕಪ್ಪು, ಶ್ಲಾಘನೀಯ" ಎಂದು ವರದಿ ಬರೆದು, ಕಪ್ಪು ಹಿಡಿದು ಫೋಟೊ ತೆಗೆಸಿಕೊಂಡು ಹೋದರು. ಪ್ರಶಸ್ತಿ ಹುಟ್ಟಿದ್ದು ಆ ಫೋಟೊದಲ್ಲಿ. ದೂರು ಕೊಟ್ಟವಳ ಮನೆ ಹೋಟೆಲಿನಿಂದ ಇನ್ನೂರು ಹೆಜ್ಜೆ, ಅಲ್ಲಿಗೆ ಯಾರೂ ಬರಲಿಲ್ಲ.

ಪೂರ್ವಭಾವಿ ಸಭೆಗೆ ನಾನೂ ಬಂದಿದ್ದೆ, ನೆನಪಿರಬೇಕು. ಹಾರ ಸೇವಂತಿಯದೋ ಗುಲಾಬಿಯದೋ ಎಂದು ಒಂದು ತಾಸು ಚರ್ಚೆ. ಸಹಪಂಕ್ತಿ ಭೋಜನದ ಅಡಿಗೆಯ ಮಾತು ಬಂದಾಗ ನಮ್ಮ ಓಣಿಯ ಹೆಂಗಸರು ರೊಟ್ಟಿ, ಪಲ್ಯ ಮಾಡಲಿ ಎಂದೆ. ಇಡೀ ಸಭೆಗೆ ಒಮ್ಮೆಲೇ ಕೆಮ್ಮು ಬಂತು. ಪಾಪ, ಅವರಿಗ್ಯಾಕೆ ತ್ರಾಸ ಎಂದು ಯಾರೋ ಕರುಣೆ ತೋರಿದರು. ಅಡಿಗೆ ಶ್ರೀಶೈಲಪ್ಪನವರ ಹೋಟೆಲಿಗೇ ಹೋಯಿತು. ನಮ್ಮ ಓಣಿಯಲ್ಲಿ, ನಮ್ಮ ಹೆಸರಿನಲ್ಲಿ, ನಮ್ಮ ಕೈ ತಾಗದ ಊಟ! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆ ಮಾಡಿದವರು ಇಂಥ ಸಭೆಗೆ ಬಂದಿರಬೇಕು.

ಪ್ರಶಸ್ತಿ ಯಾರಿಗೆಂದು ಸಭೆಯ ಕೊನೆಗೆ ಓದಿದಾಗ ನಾನು ಏಳಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಅಷ್ಟೊತ್ತಿಗೆ ತಮ್ಮ ಸಿಪಾಯಿ ಚಹಾ ತಂದಿದ್ದ. ನನಗೆ ಪಿಂಗಾಣಿ ಕಪ್ಪು ಬಂತು, ಕೆಳಗೆ ಬಸಿ ತಟ್ಟೆಯೂ ಇತ್ತು. ಟೀಚರಲ್ಲವೇ ನಾನು. ಕುಡಿದೆ, ನಡಾವಳಿಗೆ ಸಹಿ ಹಾಕಿದೆ, ಬಂದೆ. ಮನೆಯಲ್ಲಿ ಅವ್ವ ಸಭೆಯಲ್ಲಿ ಏನಾಯಿತೆಂದು ಕೇಳಿದಳು. ತಲೆನೋವೆಂದು ಮಲಗಿಬಿಟ್ಟೆ.

ಮೊನ್ನೆ ತಮ್ಮ ಗುಮಾಸ್ತರು ದೂರು ವಾಪಸೆಂದು ಬರೆದು ತಂದ ಕಾಗದ ಹಿಡಿದು ನಮ್ಮ ಬಾಗಿಲಿಗೆ ಬಂದರು. ಊರಿಗೆ ಹೆಸರು ಬರುತ್ತದೆ, ಒಂದು ಹೆಬ್ಬಟ್ಟಿನಿಂದ ಏನು ಹೋಗುತ್ತದೆ, ತೋಟದ ಕೆಲಸವೂ ಮತ್ತೆ ಶುರುವಾದೀತು ಎಂದರು. ಅವ್ವ ಕಾಗದ ಮುಟ್ಟಲಿಲ್ಲ.

"ಚಹಾ ಬಿಟ್ಟೇನ್ರಿ ಸಾಹೇಬ್ರ. ಅರ್ಜಿ ಬಿಡೂದಿಲ್ಲ."

ಓದು ಬಾರದ ಆಕೆ ಹೇಳಿದ ಈ ಮಾತನ್ನು ಓದಿದ ನಾನು ತಮ್ಮ ಸಭೆಯಲ್ಲಿ ಹೇಳಬೇಕಿತ್ತು.

ಆದ್ದರಿಂದ ಕೇಳುತ್ತಿದ್ದೇನೆ. ದೂರನ್ನು ಶನಿವಾರದೊಳಗೆ ಠಾಣೆಗೆ ಕಳಿಸಿ, ಪ್ರಶಸ್ತಿಯನ್ನು ತಡೆಹಿಡಿಯಿರಿ. ಅವ್ವನ ಮಾತಿನ ಮೇಲೆ ನಂಬಿಕೆಯಿಲ್ಲದಿದ್ದರೆ ಯಾರಿಗೂ ತಿಳಿಸದೆ, ಜೀಪು ಬಿಟ್ಟು, ಹೊರ್ತಿ ಬಸ್ಸಿಗೆ ಬನ್ನಿ. ಹೋಟೆಲಿನ ಮುಂದೆ ನನ್ನ ತಾಯಿಯ ಪಕ್ಕದಲ್ಲಿ ನಿಂತು ಎರಡು ಚಹಾ ಹೇಳಿ. ತಮಗಾಗಿ ಆಕೆ ಬಿಟ್ಟ ಚಹಾ ಒಂದು ಸಲ ಕುಡಿದಾಳು. ಎರಡೂ ಸ್ಟೀಲ್ ಲೋಟದಲ್ಲಿ ಬಂದರೆ ಶ್ರೀಶೈಲಪ್ಪನವರಿಗೆ ಹಾರ ನಾನೇ ಹಾಕುತ್ತೇನೆ. ಆಕೆಯದು ಕಾಗದದ ಕಪ್ಪಿನಲ್ಲಿ ಬಂದರೆ, ತಮ್ಮ ಲೋಟವನ್ನು ಆಕೆಗೆ ಕೊಟ್ಟು ಆ ಕಪ್ಪನ್ನು ತಾವು ಹಿಡಿದು ನೋಡಿ. ಕೈ ಸುಡುತ್ತದೆ.

ಅಲ್ಲಿಯವರೆಗೆ ಪೀಠಿಕೆ ಓದಲು ಬೇರೆ ಯಾರನ್ನಾದರೂ ನೋಡಿಕೊಳ್ಳಿ.

ಇಂತಿ,
ತಮ್ಮ ಪಿಂಗಾಣಿ ಕಪ್ಪಿನಲ್ಲಿ ಚಹಾ ಕುಡಿದು ಸುಮ್ಮನೆ ಬಂದ,
ಸೀತವ್ವನ ಮಗಳು
ಸಂಘಮಿತ್ರಾ