ಅಣುವಿಗೆ ಹಾಕಿದ ಸೊನ್ನೆ

ಗೋಂದಿಯಾ
೨೯ ಆಗಸ್ಟ್ ೧೯೯೩, ಭಾನುವಾರ

ಚಿ. ಸುನಂದಾ,

ನಿನ್ನ ಎರಡು ಪತ್ರಗಳಿಗೂ ಉತ್ತರ ಬಾಕಿ. ಕೋಪ ಮಾಡಿಕೊಂಡಿದ್ದರೆ ಅದು ನ್ಯಾಯವೇ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಹರಿದು ಹಾಕಿದೆ. ನನ್ನ ಮಂಡಿನೋವು ಇದ್ದ ಹಾಗೇ ಇದೆ. ನಿನ್ನಮ್ಮನೂ ಆರಾಮಾಗಿದ್ದಾಳೆ, ಆಯಿಯ ಚಿಂತೆ ನಿನಗೆ ಬೇಡ. ಕೆಟ್ಟಿರುವುದು ನನ್ನ ತಲೆ, ಮೊಸರುಗಡಿಗೆಯಾಗಿದೆ.

ಇಪ್ಪತ್ತೆಂಟು ವರ್ಷದಿಂದ ಈ ಮರಾಠಿ ಶಾಲೆಯಲ್ಲಿ ಒಂಬತ್ತನೆಯವರಿಗೆ ಡಾಲ್ಟನ್ ಪಾಠ ಮಾಡುತ್ತಿದ್ದೇನೆ. ಅಣು ಎಂದರೆ ಒಡೆಯಲಾಗದ ಕೊನೆಯ ಕಣ, ಅಣುಗಳು ಕೂಡಿದರೆ ರೇಣು. ಇದನ್ನು ನಿದ್ದೆಯಲ್ಲೂ ಹೇಳಬಲ್ಲೆ. ಈ ವರ್ಷ ಬಾಲಾಘಾಟದಿಂದ ಕುಮುದಿನಿ ಪಟ್ಲೆ ಎಂಬ ಹುಡುಗಿ ಬಂದಳು. ಅಲ್ಲಿ ಹಿಂದಿ ಶಾಲೆಯಲ್ಲಿ ಓದಿದವಳು. ಅಪ್ಪನಿಗೆ ಇಲ್ಲಿನ ಅಕ್ಕಿ ಗಿರಣಿಯಲ್ಲಿ ಕೆಲಸ. ಕಿರುಪರೀಕ್ಷೆಯಲ್ಲಿ ಅವಳು "ಅಣುವನ್ನು ಒಡೆಯಬಹುದು" ಎಂದು ಬರೆದಳು. ನಾನು ಸೊನ್ನೆ ಹಾಕಿ, ತರಗತಿಗೆಲ್ಲ ಓದಿ ಹೇಳಿದೆ.

"ನೋಡ್ರಪ್ಪಾ, ಡಾಲ್ಟನ್ನಿಗೇ ಪಾಠ ಹೇಳೋಕೆ ಬಾಲಾಘಾಟದಿಂದ ಬಂದಿದ್ದಾಳೆ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಮರುದಿನ ಅವಳು ತನ್ನ ಹಳೆಯ ಪುಸ್ತಕ ಹಿಡಿದು ಬಂದಳು. "ಸರ್, ಇದರಲ್ಲಿ ಹಂಗೇ ಇದೆಯಲ್ಲ?" ಇತ್ತು, ಮಗಳೇ. ಅವರ ಪುಸ್ತಕದಲ್ಲಿ ಒಡೆಯಲಾಗದ್ದು ಪರಮಾಣು. ಪರಮಾಣುಗಳು ಕೂಡಿದರೆ ಅಣು. ನಮ್ಮ ಮರಾಠಿಯ ರೇಣುವೇ ಅವರ ಹಿಂದಿಯ ಅಣು. ಅವಳು ಬರೆದದ್ದು ಸರಿಯಾಗಿಯೇ ಇತ್ತು. ಆದರೆ ನನ್ನ ಬಾಯಿಂದ ಬಂದದ್ದು, "ಇಲ್ಲಿ ಇದ್ದ ಮೇಲೆ ಇಲ್ಲೀದೇ ಬರೀಬೇಕು, ಹೋಗು."

ಅಂದಿನಿಂದ ಅವಳು ಶಾಲೆಗೆ ಬಂದಿಲ್ಲ. ಇಂದಿಗೆ ಹನ್ನೊಂದು ದಿನ. ಪೇಟೆಯಲ್ಲಿ ಅವಳ ಅಪ್ಪ ಸಿಕ್ಕಿದ್ದ. "ಓದಿದ್ದೆಲ್ಲ ಸುಳ್ಳಾದ್ರೆ ಇನ್ನು ಯಾಕೆ ಓದ್ಲಿ ಅಂತಾಳೆ ಸರ್. ಇರ್ಲಿ ಬಿಡಿ, ಮನೇಲಿ ಅವಳಮ್ಮನಿಗೂ ಕೈಯಾಸರೆ ಆಗುತ್ತೆ" ಎಂದ.

ನಿನ್ನೆ ಕಪ್ಪು ಹಲಗೆಯ ಮೇಲೆ ಎರಡೂ ಭಾಷೆಯ ಹೆಸರು ಬರೆದು, ತಪ್ಪು ನನ್ನದು ಎಂದೆ. ಒಬ್ಬಳು ಎದ್ದು, "ಹಂಗಾದ್ರೆ ಪರೀಕ್ಷೇಲಿ ಯಾವ್ದು ಬರೀಬೇಕು ಸರ್?" ಎಂದಳು. ಇಲ್ಲಿಯದೇ ಬರೆಯಿರಿ ಎಂದೆ. ಹಾಗಾದರೆ ನಾನು ಒಪ್ಪಿಕೊಂಡ ತಪ್ಪು ಯಾವುದು? ನನಗೇ ಗೊಂದಲ. ಅದನ್ನು ಕೇಳಿಸಿಕೊಳ್ಳಬೇಕಾದವಳ ಜಾಗವಂತೂ ಖಾಲಿಯಿತ್ತು.

ಇಂದು ಸಂಜೆ ಅವರ ಮನೆಗೆ ಹೋಗುತ್ತೇನೆ. ಅವಳು ಬಾಗಿಲು ತೆಗೆಯದಿದ್ದರೂ ಹೊರಗೆ ಕೂರುವವನೇ. ಆಯಿಯೂ ಬರುತ್ತಾಳಂತೆ. "ಆ ಹುಡುಗಿ ಹತ್ರ ನಾನು ಮಾತಾಡ್ತೀನಿ, ನೀವು ಸುಮ್ನಿರಿ" ಎಂದಿದ್ದಾಳೆ.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ನಿನ್ನ ಮನೆ ತಣ್ಣಗಿರಲಿ, ಮಕ್ಕಳು ನಗುತ್ತಿರಲಿ.

ನಿನ್ನ
ಬಾಬಾ

ತಾ.ಕ.: ನೀನು ಒಂಬತ್ತನೆಯಲ್ಲಿದ್ದಾಗ ಆಯಿ ನಿನಗೆ ಇದೇ ಪಾಠ ಹೇಳಿಕೊಡುತ್ತಿದ್ದಳು. ಅವಳೂ ಬಾಲಾಘಾಟದಲ್ಲೇ ಮೆಟ್ರಿಕ್ ಮಾಡಿದವಳು. ನಿನ್ನ ಪುಸ್ತಕದಲ್ಲಿ ಅವಳು ಬರೆಸಿದ್ದನ್ನು ಹೊಡೆದುಹಾಕಿ, ನಿನ್ನೆದುರಿಗೇ, "ಗೊತ್ತಿಲ್ಲದ್ದಕ್ಕೆ ಕೈ ಹಾಕಬೇಡ, ಒಲೆ ನೋಡಿಕೋ" ಎಂದಿದ್ದೆ. ಆಮೇಲೆ ಅವಳು ನಿನ್ನ ಪುಸ್ತಕ ಮುಟ್ಟಲಿಲ್ಲ. ನೆನಪಿದೆಯೇ? ನಿನ್ನೆ ಅವಳಿಗೆ ಕುಮುದಿನಿಯ ಪುಸ್ತಕದ ಕಥೆ ಹೇಳಿ, "ಆವತ್ತೇ ಯಾಕೆ ನನ್ನ ಹತ್ರ ವಾದ ಮಾಡ್ಲಿಲ್ಲ?" ಎಂದು ಕೇಳಿದೆ. "ನೀವು ಮೇಷ್ಟ್ರು. ನಾನೇ ತಪ್ಪು ಓದಿದ್ದೆ ಅಂದ್ಕೊಂಡಿದ್ದೆ, ಇವತ್ತಿನವರೆಗೂ" ಎಂದಳು.